ಮೂರರ ಕಾರು, ನಾಲ್ಕೂವರೆಯ ಮರ್ಯಾದೆ

ಹೊಳೆನರಸೀಪುರದ ಪೇಟೆಯಲ್ಲಿ ರಸಗೊಬ್ಬರದ ಅಂಗಡಿ ಇಟ್ಟಿರುವ ಸುದರ್ಶನನಿಗೆ ಸ್ವಂತದ್ದು ಅಂತ ಇದ್ದದ್ದು ಎರಡೇ. ಒಂದು ಅಂಗಡಿ, ಇನ್ನೊಂದು ಬಾಯಿ. ಅಂಗಡಿಗೆ ಭಾನುವಾರ ಮಧ್ಯಾಹ್ನ ರಜೆ ಇತ್ತು, ಬಾಯಿಗೆ ಅದೂ ಇರಲಿಲ್ಲ. ಅವನ ಹತ್ತಿರ ಒಂದು ಕಾರೂ ಇತ್ತಲ್ಲ ಎಂದು ಊರಿನವರು ಹೇಳಬಹುದು. ಅದು ಅವನದಲ್ಲ, ಮಾವನದು. ತೆಂಗಿನಕಾಯಿ ಮಂಡಿ ಗಂಗಾಧರಯ್ಯನವರದು.

ಮಂಡಿಯ ಹಿಂದಿನ ಕೊಟ್ಟಿಗೆಯಲ್ಲಿ ಹನ್ನೊಂದು ವರ್ಷ ಬಿದ್ದಿದ್ದ ಹಳೇ ಕಾಂಟೆಸಾ ಅದು. ಅದರ ಹಿಂದಿನ ಸೀಟಿನಲ್ಲಿ ಮೂರು ತಲೆಮಾರಿನ ಕೋಳಿಗಳು ಕಾವಿಗೆ ಕೂತು ಎದ್ದಿದ್ದವು. ಸುದರ್ಶನ ಹೆಂಡತಿ ಸೌಜನ್ಯಳ ಶಿಫಾರಸಿನಿಂದ ಮಾವನ ಒಪ್ಪಿಗೆ ಪಡೆದು, ಕೋಳಿಗಳನ್ನು ಎಬ್ಬಿಸಿ, ಕಾರನ್ನು ಹಾಸನಕ್ಕೆ ಎಳೆಸಿಕೊಂಡು ಹೋಗಿ, ಮೆಕ್ಯಾನಿಕ್ ಸಂಜಯನ ಶೆಡ್ಡಿನಲ್ಲಿ ಎರಡು ವರ್ಷ ಇಟ್ಟು, ಆರು ಸಿಲಿಂಡರಿನ ಜಪಾನಿ ಎಂಜಿನ್ ಕೂರಿಸಿದ. ಸ್ಟಾರ್ಟ್ ಮಾಡಿದರೆ ಎರಡು ಬೀದಿಯಾಚೆ ಪಾತ್ರೆ ಅಲುಗುತ್ತಿದ್ದವು. ಆರ್‌ಸಿ ಪುಸ್ತಕ ಮಾತ್ರ ಮಾವನ ಬೀರುವಿನಲ್ಲಿ, ಮಾವನ ಹೆಸರಿನಲ್ಲೇ ಭದ್ರವಾಗಿತ್ತು.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅಂತಾರಲ್ಲ, ಇಲ್ಲಿ ಮಾತು ಕಾರನ್ನೂ ಕೆಡಿಸಿತು. ಸೌಜನ್ಯಳ ತಂಗಿ ಅನುಶ್ರೀಯ ಮದುವೆ ಗೊತ್ತಾಗಿತ್ತು. ಲಗ್ನಪತ್ರಿಕೆ ಹಂಚಲು ಮಾವನನ್ನು ಹಿಂದೆ ಕೂರಿಸಿಕೊಂಡು ಹಾಸನಕ್ಕೆ ಹೋದ ಸುದರ್ಶನ, ಡೇರಿ ಸರ್ಕಲ್ ಹತ್ತಿರ ಟೀ ಕುಡಿಯುತ್ತಿದ್ದ ನಾಲ್ಕು ಜನ ನೆಂಟರ ಮುಂದೆ, "ಇದು ಗಾಡಿ ಅಲ್ಲ ಕಣ್ರಪ್ಪ, ಚಿರತೆ. ನೋಡ್ತಿರಿ" ಎಂದು ಆಕ್ಸಿಲರೇಟರ್ ತುಳಿದ. ಚಿರತೆ ಒಂದು ಗಜ ನೆಗೆಯಿತು. ಹಿಂದಿನ ಅಚ್ಚಿನೊಳಗೆ ಯಾರೋ ಕಲ್ಲುಸಕ್ಕರೆ ಕಡಿದಂಥ ಶಬ್ದ ಬಂತು. ಆಮೇಲೆ ಎಂಜಿನ್ ಮಾತ್ರ ಓಡುತ್ತಿತ್ತು, ಕಾರು ಓಡುತ್ತಿರಲಿಲ್ಲ. ಹೊಸ ಎಂಜಿನ್ನಿನ ಜೋರಿಗೆ, ಹಿಂದಿನ ಚಕ್ರ ತಿರುಗಿಸುವ ಹಳೇ ಕ್ರೌನ್ ಪಿನಿಯನ್ ಎಂಬ ಜೋಡಿ ಗೇರಿನ ಹಲ್ಲುಗಳೆಲ್ಲ ಉದುರಿ ಹೋಗಿದ್ದವು. ಗಂಗಾಧರಯ್ಯನವರು ಮುನ್ನೂರು ಲಗ್ನಪತ್ರಿಕೆಯ ಡಬ್ಬ ತಲೆ ಮೇಲೆ ಹೊತ್ತು, ಹೊಳೆನರಸೀಪುರದ ತನಕ ಬಸ್ಸಿನಲ್ಲಿ ನಿಂತೇ ಬಂದರು.

ಗಂಗಾಧರಯ್ಯನವರು ಹಿರಿಯ ಅಳಿಯನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಅವನು ಎದುರಿಗೇ ಕೂತಿದ್ದರೂ ಮಾತು ಮಗಳ ಮೂಲಕವೇ ಹೋಗಬೇಕು. ಹದಿನಾಲ್ಕು ವರ್ಷದಿಂದ ಹಾಗೇ ನಡೆದಿತ್ತು. ಆ ಸಂಜೆಯೂ ಮಗಳನ್ನೇ ಕರೆದರು.

"ಸೌಜನ್ಯ, ನಿನ್ ಗಂಡುಂಗೆ ಯೋಳವ್ವ. ಮದ್ವೆ ದಿನ ಹೊಸ ಗಂಡುನ್ನ ದೇವಸ್ಥಾನದಿಂದ ಚೌಟ್ರಿಗೆ ಇರೇ ಅಳಿಯನೇ ಕರ್ಕೊಂಡ್ ಬರ್ಬೇಕು. ನಮ್ಮಪ್ಪನ ಕಾಲ್ದಿಂದ ನಡ್ಕೊಂಡ್ ಬಂದೈತೆ, ತಪ್ಸಕ್ಕಾಗಕಿಲ್ಲ. ಅದೇ ಗಾಡೀಲಿ ಬರ್ಲಿ. ನಡುದಾರೀಲಿ ಒಂದ್ ಗಳಿಗೆ ನಿಂತ್ರೂ ಸ್ವಾಮಾರ ಗುಜರಿಯೋನು ಬಂದು ತಕ್ಕೊಂಡ್ ವೋಯ್ತಾನೆ."

"ನಿಲ್ದೇ ಬಂದ್ರೆ, ಮಾವ?" ಎಂದ ಸುದರ್ಶನ.

"ನಿಲ್ದೇ ಬಂದ್ರೆ ಆರ್ಸೀನ ಅವುನ್ ಹೆಸ್ರಿಗೆ ಬರುಸ್ತೀನಿ ಅಂತ ಯೋಳವ್ವ" ಎಂದು ಗಂಗಾಧರಯ್ಯನವರು ಗೋಡೆ ನೋಡಿದರು.

ಸುದರ್ಶನ ಆ ರಾತ್ರಿ ಊಟ ಮಾಡಲಿಲ್ಲ. ಸಂತೋಷಕ್ಕೋ ಭಯಕ್ಕೋ ಅವನಿಗೇ ಗೊತ್ತಾಗಲಿಲ್ಲ.

ಮರುದಿನ ಹಾಸನದ ಶೆಡ್ಡಿನಲ್ಲಿ ಸಂಜಯ ಗೋಣಿತಾಟಿನ ಮೇಲೆ ಎರಡು ಜೊತೆ ಕ್ರೌನ್ ಪಿನಿಯನ್ ಇಟ್ಟ.

"ಅಣ್ಣ, ಸರಿಯಾಗಿ ಕೇಳಿಸ್ಕೊ. ಇದು ಮೂರು ಪಾಯಿಂಟ್ ಸೊನ್ನೆ ಏಳು. ಎಂಜಿನ್ ಕಡೆ ರಾಡು ಮೂರು ಸುತ್ತು ತಿರುಗಿದ್ರೆ ಹಿಂದ್ಗಡೆ ಚಕ್ರ ಒಂದ್ ಸುತ್ತು ಬರುತ್ತೆ. ಇದು ನಾಲ್ಕೂವರೆ. ಚಕ್ರ ಒಂದ್ ಸುತ್ತು ಬರಕ್ಕೆ ರಾಡು ನಾಲ್ಕೂವರೆ ಸುತ್ತು ತಿರುಗ್ಬೇಕು. ನಂಬರ್ ಕಮ್ಮಿ ಆದ್ರೆ ಓಟ ಜಾಸ್ತಿ, ನಂಬರ್ ಜಾಸ್ತಿ ಆದ್ರೆ ಎಳೆತ ಜಾಸ್ತಿ."

"ಮೂರು ಹಾಕಿದ್ರೆ ಎಷ್ಟು ಹೋಗುತ್ತೆ?"

"ಈ ಎಂಜಿನ್‌ಗೆ ನೂರಾ ಎಂಬತ್ತಕ್ಕೆ ಮೋಸ ಇಲ್ಲ. ಆದ್ರೆ ಅಣ್ಣ..."

ನೂರಾ ಎಂಬತ್ತು ಎಂಬ ಮಾತು ಕಿವಿಗೆ ಬಿದ್ದಮೇಲೆ ಸುದರ್ಶನನಿಗೆ 'ಆದ್ರೆ' ಕೇಳಿಸಲಿಲ್ಲ. ಸಂಜಯ ಆ 'ಆದ್ರೆ'ಯನ್ನು ಇನ್ನೆರಡು ಸಲ ಹೇಳಿ, ಸ್ಪ್ಯಾನರ್ ಒರೆಸುತ್ತ ಕೂತ.

ಅಲ್ಲೇ ಆಗಲಿ ಅಂದುಬಿಟ್ಟಿದ್ದರೆ ಕಥೆ ಸಣ್ಣದಾಗುತ್ತಿತ್ತು. ಆದರೆ ಹತ್ತು ಜನರನ್ನು ಕೇಳದೆ ಬನಿಯನ್ನೂ ಕೊಳ್ಳದ ಪ್ರಾಣಿ ನಮ್ಮ ಸುದರ್ಶನ. ಎರಡು ದಿನ ಟೈಮ್ ಕೊಡು ಎಂದು ಊರಿಗೆ ಬಂದವನೇ ಅಂಗಡಿಗೆ ಯೂರಿಯಾ ಕೊಳ್ಳಲು ಬಂದ ಹಳ್ಳಿಮೈಸೂರಿನ ತಿಮ್ಮಪ್ಪನನ್ನು ಹಿಡಿದುಕೊಂಡ. ತಿಮ್ಮಪ್ಪ ಎರಡು ಟ್ರ್ಯಾಕ್ಟರ್ ಇಟ್ಟಿದ್ದ ಅನುಭವಸ್ಥ.

"ಕಮ್ಮಿ ನಂಬರು ಜಾಸ್ತಿ ಓಡ್ತದಾ? ಯಾರ್ಲಾ ನಿಂಗೆ ಟೋಪಿ ಹಾಕ್ದೋನು?" ಎಂದ ತಿಮ್ಮಪ್ಪ. "ಓದ್ ವರ್ಷ ನಾನು ಕಮ್ಮಿ ನಂಬರಿನ ಗೊಬ್ಬರ ಕೇಳ್ದಾಗ ನೀನೇನ್ ಯೋಳ್ದೆ? ಹದಿನೇಳು ಹದಿನೇಳು ಹದಿನೇಳೇ ತಕ್ಕೊ ತಿಮ್ಮಪ್ಪಣ್ಣ, ನಂಬರ್ ಜಾಸ್ತಿ ಇದ್ದಷ್ಟೂ ಬತ್ತ ನೆಗೀತದೆ ಅಂದೆ. ಗದ್ದೆಗೊಂದು ನ್ಯಾಯ, ಗಾಡಿಗೊಂದು ನ್ಯಾಯನಾ?"

ಸ್ವತಃ ತಾನೇ ಹತ್ತು ವರ್ಷ ಮಾರಿದ ನ್ಯಾಯಕ್ಕೆ ಎದುರಾಡುವುದು ಹೇಗೆ? ಸುದರ್ಶನ ಯೂರಿಯಾ ಮೂಟೆ ಎತ್ತಿಕೊಟ್ಟು ತಿಮ್ಮಪ್ಪನನ್ನು ಸಾಗಹಾಕಿದ. ಎದುರು ಮನೆಯ ಧನಲಕ್ಷ್ಮಿ ಟೀಚರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. "ಮೂರು ಜನ ಒಟ್ಟಿಗೆ ಶುಭಕಾರ್ಯಕ್ಕೆ ಹೊರಟರೇ ಕೆಲಸ ಕೆಡುತ್ತೆ ಅಂತಾರೆ. ನೀವು ಮೂರನ್ನ ಕಾರಿನ ಹೊಟ್ಟೆಯೊಳಗೇ ಇಟ್ಕೊಂಡು ಮದುವೆಗೆ ಬರ್ತೀರಾ? ರಾಮ ರಾಮ" ಎಂದು ಬಾಗಿಲು ಹಾಕಿಕೊಂಡರು.

ಸಂಜೆಯ ಹೊತ್ತಿಗೆ ಸುದ್ದಿ ಮಂಡಿ ತಲುಪಿತು. ಗಂಗಾಧರಯ್ಯನವರು ಮಗಳನ್ನು ಕರೆಸಿದರು.

"ನಾಲ್ಕೂವರೆದು ಸಿಕ್ತಾ ಇರ್ಬೇಕಾದ್ರೆ ನಿನ್ ಗಂಡ ಮೂರುದ್ ಹಾಕುಸ್ತಾನಂತಲ್ಲವ್ವ? ಏನ್, ನಮ್ಗೆ ಗತಿ ಇಲ್ವಾ? ಬೀಗ್ರು ಏನಂದ್ಕೊಂಡಾರು? ನಾಲ್ಕೂವರೆನೇ ಹಾಕುಸ್ಬೇಕು ಅಂತ ಯೋಳು."

"ಆಯ್ತು ಮಾವ, ನಾಲ್ಕೂವರೆನೇ" ಎಂದುಬಿಟ್ಟ, ಹೆಂಡತಿಯ ಜೊತೆಗೇ ಬಂದಿದ್ದ ಸುದರ್ಶನ. ಮಾವನ ಮುಂದೆ ಅವನ ಬಾಯಿಂದ ಇಲ್ಲ ಅನ್ನುವ ಅಕ್ಷರ ಹೊರಟ ದಾಖಲೆಯೇ ಇಲ್ಲ.

ಗಂಗಾಧರಯ್ಯನವರು ಅಷ್ಟಕ್ಕೇ ಬಿಡದೆ ಚನ್ನರಾಯಪಟ್ಟಣಕ್ಕೆ ಫೋನ್ ಹಚ್ಚಿದರು. ಅಲ್ಲಿ ಗಂಡಿನ ತಂದೆ, ಕಂಟ್ರಾಕ್ಟರ್ ರವೀಂದ್ರ ಎತ್ತಿಕೊಂಡರು.

"ಬೀಗ್ರೇ, ನಿಮ್ ಹುಡುಗ್ನ ಮೆರವಣಿಗೆಗೆ ನಾಲ್ಕೂವರೆದ್ ಗಾಡಿ ಮಾಡ್ಸಿವ್ನಿ!"

"ಅಯ್ಯೋ, ನಾಲ್ಕೂವರೆದಾ? ಇಷ್ಟೊಂದ್ಯಾಕೆ ತೊಂದ್ರೆ ತಕ್ಕೊಂಡ್ರಿ ಬೀಗ್ರೇ?"

ನಾಲ್ಕೂವರೆ ಅಂದರೇನೆಂದು ಇವರಿಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಅದರಿಂದ ಇಬ್ಬರ ಸಂತೋಷಕ್ಕೂ ಕಿಂಚಿತ್ತೂ ಅಡ್ಡಿಯಾಗಲಿಲ್ಲ. ವಾರದೊಳಗೆ ಚನ್ನರಾಯಪಟ್ಟಣದಲ್ಲೆಲ್ಲ, ಮಿಕ್ಕವರ ಕಾರೆಲ್ಲ ಮೂರು ಮೂರೂಕಾಲಿನವಂತೆ, ರವೀಂದ್ರಣ್ಣನ ಬೀಗರದು ಮಾತ್ರ ನಾಲ್ಕೂವರೆಯಂತೆ ಎಂದು ಮಾತಾಯಿತು. ಅರಕಲಗೂಡಿನ ನೆಂಟರೊಬ್ಬರು ತಮ್ಮ ಮಗಳ ಮದುವೆಗೆ ಐದರದ್ದು ಸಿಗುತ್ತದೆಯೇ, ಎಷ್ಟು ದಿನ ಮುಂಚೆ ಹೇಳಬೇಕು ಎಂದು ವಿಚಾರಿಸಿದರು.

ಇತ್ತ ಸುದರ್ಶನ ಹಾಸನಕ್ಕೆ ಹೋದವನು ಶೆಡ್ಡಿನಲ್ಲಿ ಅರ್ಧ ಗಂಟೆ ನಿಂತ. ನಾಲ್ಕೂವರೆಯನ್ನು ನೋಡಿದ. ಮೂರನ್ನು ನೋಡಿದ. ನೂರಾ ಎಂಬತ್ತನ್ನು ನೆನೆದ. ಮಾವನಿಗೆ ಕಾರಿನ ಕೆಳಗೆ ಮಲಗಿ ಹಲ್ಲು ಎಣಿಸುವ ಅಭ್ಯಾಸವಿಲ್ಲ ಎಂಬುದನ್ನೂ ನೆನೆದ.

"ಮೂರೇ ಹಾಕ್ಬುಡು ಸಂಜಯ. ಯಾರ್ಗೂ ಹೇಳ್ಬ್ಯಾಡ."

"ಹಾಕ್ತೀನಿ. ಆದ್ರೆ ಅಣ್ಣ..."

"ಆದ್ರೆ ಗೀದ್ರೆ ಏನೂ ಬ್ಯಾಡ, ಹಾಕು."

ಕಾರು ತಯಾರಾದ ದಿನ ನೂರಾ ಎಂಬತ್ತನ್ನು ಕಣ್ಣಾರೆ ಕಾಣಬೇಕೆಂದು ಸುದರ್ಶನ ಹಾಸನದಿಂದ ಊರಿಗೆ ಹೊರಟ. ಮೂವತ್ತು ಚಿಲ್ಲರೆ ಕಿಲೋಮೀಟರಿನ ದಾರಿಯಲ್ಲಿ ಹಂಪುಗಳು ಅದಕ್ಕಿಂತ ಜಾಸ್ತಿ. ಪ್ರತಿ ಊರಿನವರೂ ತಮ್ಮ ಸ್ಕೂಲಿಗೊಂದು, ಬಸ್ ಸ್ಟಾಪಿಗೊಂದು, ಊರ ಗೌರವಕ್ಕೊಂದು ಹಾಕಿಸಿಕೊಂಡಿದ್ದರು. ಮೊಸಳೆ ಎಂಬ ಊರಿನ ಹತ್ತಿರ ಒಂದು ಕಡೆ ರಸ್ತೆ ಖಾಲಿ ಕಂಡಿತು ಎಂದು ಮೂರನೇ ಗೇರ್ ಹಾಕಿದ. ಅಷ್ಟರಲ್ಲಿ ಕುರಿಮಂದೆ ಬಂತು. ಮನೆಗೆ ಬಂದು ಸೌಜನ್ಯಳ ಮುಂದೆ ಮಾತ್ರ, "ಏನ್ ಓಟ ಅಂತೀಯ, ತಡಿಯಕ್ಕಾಗಲ್ಲ" ಎಂದ. ಅವಳು ಸ್ಪೀಡೋಮೀಟರಿಗಿಂತ ಗಂಡನ ಮುಖವನ್ನು ಚೆನ್ನಾಗಿ ಓದಬಲ್ಲವಳಾದ್ದರಿಂದ ಸುಮ್ಮನೆ ನಕ್ಕಳು.

ಮದುವೆಯ ಬೆಳಗ್ಗೆ ಎಂಟು ಗಂಟೆ. ದೇವಸ್ಥಾನದ ಮುಂದೆ ಕಾಂಟೆಸಾ ಸೇವಂತಿಗೆ ಹಾರದಲ್ಲಿ ಮುಳುಗಿ ನಿಂತಿತ್ತು. ಒಳಗೆ ಪೇಟ ಕಟ್ಟಿಕೊಂಡ ಮದುಮಗ ಅನಿಲ್‌ಕುಮಾರ. ಮುಂದೆ ವಾಲಗದ ಗುಂಡಯ್ಯನವರ ತಂಡ. ಅವರ ಹಿಂದೆ ಆರತಿ ತಟ್ಟೆ ಹಿಡಿದ ಹೆಂಗಸರು, ಶಲ್ಯ ಹೊದ್ದ ಗಂಗಾಧರಯ್ಯನವರು, ಎರಡೂ ಕಡೆಯ ಇನ್ನೂರು ಜನ. ದಾರಿ ಬಿಡಿಸಲು ಎಎಸ್‌ಐ ಪೃಥ್ವಿರಾಜ್. ಚೌಟ್ರಿಗೆ ಒಂದೂವರೆ ಕಿಲೋಮೀಟರು. ನಮ್ಮ ಕಡೆ ಇಂಥ ಮೆರವಣಿಗೆಗೆ ಎರಡು ಗಂಟೆ ಹಿಡಿಯುತ್ತದೆ. ಪ್ರತಿ ಅಂಗಡಿಯ ಮುಂದೂ ವಾಲಗದವರು ನಿಂತು ನುಡಿಸಬೇಕು, ಪ್ರತಿ ನೆಂಟನೂ ಬಂದು ಮದುಮಗನ ಕೈ ಕುಲುಕಬೇಕು. ಕಾರು ಇರುವೆಯ ಹಿಂದೆ ಇರುವೆಯಾಗಿ ಬರಬೇಕು.

ಸುದರ್ಶನ ಮೊದಲನೇ ಗೇರ್ ಹಾಕಿ ಕ್ಲಚ್ಚಿನಿಂದ ಕಾಲು ಎತ್ತಿದ. ಕಾರು ಮುಂದಿದ್ದ ನೆಂಟರ ಬೆನ್ನಿಗೆ ನುಗ್ಗಿತು. ಗಾಬರಿಯಿಂದ ಮತ್ತೆ ಕ್ಲಚ್ ತುಳಿದ. ಸಂಜಯನ 'ಆದ್ರೆ' ಏನೆಂದು ಆಗ, ಇಪ್ಪತ್ತು ದಿನ ತಡವಾಗಿ ತಲೆಗೆ ಹೊಳೆಯಿತು. ನೂರಾ ಎಂಬತ್ತು ಓಡುವ ಗಾಡಿಗೆ ನಡೆಯಲು ಬರುವುದಿಲ್ಲ. ಮೊದಲನೇ ಗೇರಿನಲ್ಲಿ ಸುಮ್ಮನೆ ಬಿಟ್ಟರೂ ಮನುಷ್ಯ ಓಡುವಷ್ಟು ಜೋರು. ನಿಧಾನ ಮಾಡಬೇಕಾದರೆ ಕ್ಲಚ್ಚನ್ನು ಅರ್ಧ ತುಳಿದೇ ಇರಬೇಕು, ಅರ್ಧ ತುಳಿದೇ ಇದ್ದರೆ ಪ್ಲೇಟು ಸುಡಬೇಕು.

ಸುಡತೊಡಗಿತು. ಸಿನಿಮಾ ಟಾಕೀಸಿನ ತಿರುವಿನ ಹೊತ್ತಿಗೆ ಕಾರಿನ ಅಡಿಯಿಂದ ನೀಲಿ ಹೊಗೆ ಎದ್ದು ಹೂವಿನ ಹಾರಗಳ ನಡುವೆ ತೇಲಿತು.

"ಓಹೋಹೋ! ಹೊಗೆ ಬೇರೆ ಬುಡುಸ್ತಾವ್ರೆ ಕಣ್ರಲಾ!" ಎಂದು ಚನ್ನರಾಯಪಟ್ಟಣದವರು ಶಿಳ್ಳೆ ಹಾಕಿದರು. "ನಾಲ್ಕೂವರೆ ಅಂದ್ರೆ ಸುಮ್ನೇನಾ ಮತ್ತೆ?"

ಫೋಟೋದವನು ಕಿಟಕಿಗೆ ಬಗ್ಗಿ, "ಅಣ್ಣ, ಸೂಪರ್. ಇನ್ನೊಂದ್ ಸ್ವಲ್ಪ ಜಾಸ್ತಿ ಬುಡಿ, ಡ್ರೋನ್ ಮೇಲಕ್ ಹೋಗ್ತೈತೆ" ಎಂದ. ಮದುಮಗ ಕೆಮ್ಮುತ್ತ, "ಭಾವ, ಕಣ್ಣು ಉರೀತಿದೆ" ಎಂದ. ಸುದರ್ಶನನ ಕಣ್ಣಲ್ಲೂ ನೀರು ಬಂದಿತ್ತು, ಅದು ಹೊಗೆಯದಲ್ಲ. ಇನ್ನು ಐದು ನಿಮಿಷದಲ್ಲಿ ಚಿರತೆ ನಿಲ್ಲುತ್ತದೆ. ಸೋಮವಾರ ಗುಜರಿಯವನು ಸುತ್ತಿಗೆ ಹಿಡಿದು ಬರುತ್ತಾನೆ.

ಸೌಜನ್ಯ ಆರತಿ ತಟ್ಟೆ ಹಿಡಿದೇ ಕಿಟಕಿಯ ಹತ್ತಿರ ಬಂದಳು.

"ರೀ, ಏನಿದು ಸೀದ ವಾಸನೆ?"

"ಕ್ಲಚ್ಚು ಕಣೆ. ಮೂರೇ ಹಾಕ್ಸಿದ್ದು ನಾನು. ಇಷ್ಟು ನಿಧಾನಕ್ಕೆ ಹೋದ್ರೆ ಇನ್ನು ನೂರು ಅಡಿ ಅಷ್ಟೇ, ಆಮೇಲೆ ಗೋವಿಂದ."

"ಜೋರಾಗಿ ಹೋದ್ರೆ?"

"ಜೋರಾಗಿ ಹೋದ್ರೆ ಏನೂ ಆಗಲ್ಲ. ಆದ್ರೆ ಮುಂದಿರೋರೆಲ್ಲ ಓಡ್ಬೇಕು."

ಸೌಜನ್ಯ ಒಂದು ಕ್ಷಣ ಅಪ್ಪನ ಬೆನ್ನು ನೋಡಿದಳು, ಒಂದು ಕ್ಷಣ ಗಂಡನ ಮುಖ ನೋಡಿದಳು. "ಕಾಲು ತೆಗೀರಿ ನೀವು. ನಾನು ನೋಡ್ಕೋತೀನಿ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, ನೇರವಾಗಿ ವಾಲಗದ ಗುಂಡಯ್ಯನವರ ಹತ್ತಿರ ಹೋದಳು.

"ಮಾವೋ, ಬೇಗ ಬೇಗ ನುಡಿಸಿ."

ಗುಂಡಯ್ಯನವರು ನಾಗಸ್ವರ ಬಾಯಿಂದ ತೆಗೆದು, "ಅವ್ವಾ, ಇದು ಕಲ್ಯಾಣಿ. ಕಲ್ಯಾಣಿ ಓಡಕಿಲ್ಲ" ಎಂದರು.

"ಯಾವ್ದು ಓಡ್ತದೋ ಅದುನ್ನ ನುಡಿಸಿ. ಊಟಕ್ಕೆ ಮೊದಲನೇ ಪಂಕ್ತಿ ನಿಮ್ಮೋರಿಗೇ. ನಾನೇ ನಿಂತು ಬಡಿಸ್ತೀನಿ."

ನಲವತ್ತು ವರ್ಷದ ಕಲಾಸೇವೆಯಲ್ಲಿ ಗುಂಡಯ್ಯನವರಿಗೆ ಮೊದಲನೇ ಪಂಕ್ತಿ ಒಮ್ಮೆಯೂ ಸಿಕ್ಕಿರಲಿಲ್ಲ. ಡೋಲಿನವನಿಗೆ ಕಣ್ಣು ಮಿಟುಕಿಸಿದರು. ಡೋಲು ಆದಿತಾಳ ಬಿಟ್ಟು ಯಾವುದೋ ಅಂತ್ಯವಿಲ್ಲದ ತಾಳ ಹಿಡಿಯಿತು. ಕಾಲು ತಾನಾಗಿ ಎದ್ದಿತು. ವಾಲಗದವರು ಓಡಿದರು, ವಾಲಗ ಓಡಿತು ಎಂದು ಆರತಿಯವರು ಓಡಿದರು, ಹಿಂದಿನಿಂದ ಕಾಂಟೆಸಾ ಗುರ್ರೆನ್ನುತ್ತಿದೆ ಎಂದು ಗಂಗಾಧರಯ್ಯನವರೂ ಓಡಿದರು. ಮಂಡಿನೋವಿಗೆ ಹಾಸನ, ಮೈಸೂರು ಎರಡೂ ಕಡೆ ತೋರಿಸಿದ್ದ ಮನುಷ್ಯ ಪಂಚೆ ಎತ್ತಿಕಟ್ಟಿ ಎಲ್ಲರಿಗಿಂತ ಎರಡು ಗಜ ಮುಂದಿದ್ದರು.

ಬೀದಿ ಬದಿಯ ಜನ ಎದ್ದು ನಿಂತರು. ಕಳ್ಳನನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಾರೆಂದು ಟೈಲರ್ ಒಬ್ಬ ಕತ್ತರಿ ಸಮೇತ ಸೇರಿಕೊಂಡ. "ಏನ್ ಸಾ, ಏನಾಯ್ತು?" ಎಂದು ಹೋಟೆಲಿನವರು ಕೇಳಿದರೆ ಎಎಸ್‌ಐ ಪೃಥ್ವಿರಾಜ್, "ಮದ್ವೆ ಕಣ್ರೀ, ದಾರಿ ಬುಡ್ರೀ!" ಎಂದು ವಿಸಿಲ್ ಊದುತ್ತ ಮುಂದೆ ಓಡಿದರು. ಮೆರವಣಿಗೆಯ ಹಿಂದೆ ಎರಡು ಗಂಟೆ ನಿಂತು ಬೆವರಲು ಸಿದ್ಧವಾಗಿದ್ದ ಬಸ್ಸಿನ ಡ್ರೈವರೊಬ್ಬ ಸಂತೋಷ ತಡೆಯಲಾರದೆ ಉದ್ದಕ್ಕೂ ಹಾರನ್ ಹೊಡೆದ. ಹೊಗೆ ನಿಂತಿತ್ತು. ಎಂಜಿನ್ ಹಾಯಾಗಿ ಗುನುಗುತ್ತಿತ್ತು. ಸುದರ್ಶನ ಎರಡೂ ಕಾಲು ಎತ್ತಿ, ಸ್ಟೀರಿಂಗ್ ಹಿಡಿದು, ಚಿಕ್ಕ ಮಗುವಿನ ಹಾಗೆ ನಗುತ್ತಿದ್ದ.

ಎರಡು ಗಂಟೆಯ ಮೆರವಣಿಗೆ ಹನ್ನೊಂದು ನಿಮಿಷದಲ್ಲಿ ಮುಗಿಯಿತು. ಚೌಟ್ರಿಯಲ್ಲಿ ಪನ್ನೀರು ಚಿಮುಕಿಸಬೇಕಾದ ಹುಡುಗಿಯರು ಇನ್ನೂ ಜಡೆ ಹೆಣೆಯುತ್ತಿದ್ದರು. ಅಡುಗೆ ಭಟ್ಟರು ಹಲ್ಲುಜ್ಜುತ್ತ ಹೊರಗೆ ಬಂದು, ಮೆರವಣಿಗೆಯ ಇನ್ನೂರು ಜನ ಏದುಸಿರು ಬಿಡುತ್ತ ನಿಂತಿರುವುದನ್ನು ಕಂಡು ಬ್ರಷ್ ಸಮೇತ ಒಳಗೆ ಓಡಿದರು. ಪುರೋಹಿತರು, "ನನಗಿಂತ ಮುಂಚೆ ಬಂದ ಗಂಡನ್ನ ನಾನು ಕಂಡದ್ದೇ ಇಲ್ಲ" ಎಂದು ಸ್ಕೂಟರ್ ನಿಲ್ಲಿಸಿದರು.

ಬೀಗರು ರವೀಂದ್ರ ಕಂಬ ಹಿಡಿದುಕೊಂಡು ಎರಡು ನಿಮಿಷ ಉಸಿರು ಎಳೆದರು. ಈಗ ಜಗಳವಾಗುತ್ತದೆ ಎಂದು ಎಲ್ಲರೂ ಕಾದರು.

"ಬೀಗ್ರೇ!" ಎಂದರು ರವೀಂದ್ರ. "ನನ್ ಮದ್ವೇಲಿ ಮೂರು ಗಂಟೆ ಬಿಸಿಲಲ್ಲಿ ನಿಲ್ಲಿಸಿ ತಲೆ ತಿರುಗಿ ಬಿದ್ದಿದ್ದೆ ನಾನು. ಇವತ್ತು ನೋಡಿ, ಬಿಸಿಲು ಏರೋಕ್ ಮುಂಚೆ ನೆರಳಲ್ಲಿವ್ನಿ. ನಾಲ್ಕೂವರೆ ಅಂದ್ರೆ ನಾಲ್ಕೂವರೆನೇ ಕಣ್ರೀ!"

ಗಂಗಾಧರಯ್ಯನವರ ಎದೆ ಉಬ್ಬಿತು. ಉಬ್ಬಿದ ಎದೆಯವರು ಮಾಡುವ ಅನಾಹುತಕ್ಕೆ ಮಿತಿಯಿಲ್ಲ. ಕೊಟ್ಟ ಮಾತಿಗೆಂದು ಬೀರುವಿನಿಂದ ತಂದಿದ್ದ ಆರ್‌ಸಿಯನ್ನು ಜೇಬಿನಿಂದ ತೆಗೆದು ಮೇಲೆತ್ತಿ, "ಇಂಥಾ ಗಾಡೀನ ಮನೇಲಿಟ್ಕೊಂಡು ಏನ್ ಮಾಡ್ಲಿ? ಹೊಸ ಅಳೀಮಯ್ಯಂಗೆ ಉಡುಗೊರೆ, ತಕ್ಕಳಿ!" ಎಂದುಬಿಟ್ಟರು.

ಚಪ್ಪಾಳೆ ಬಿತ್ತು. ಸೌಜನ್ಯ, "ಅಪ್ಪಾ!" ಎಂದಳು, ಅವರಿಗೆ ಕೇಳಿಸಲಿಲ್ಲ. ಸುದರ್ಶನನಿಗೆ ಭೂಮಿ ಬಾಯಿ ಬಿಟ್ಟಂತಾಯಿತು. ನಿಂತಿದ್ದರೆ ಗುಜರಿ, ಓಡಿದ್ದಕ್ಕೆ ಉಡುಗೊರೆ. ಹದಿನಾಲ್ಕು ವರ್ಷ ಮಾವನ ಎದುರು ಒಮ್ಮೆಯೂ ಇಲ್ಲ ಎನ್ನದ ಬಾಯಿ ಆಗ ತಾನಾಗಿಯೇ ತೆರೆಯಿತು.

"ಮಾವಾ, ಅದು ನಾಲ್ಕೂವರೆ ಅಲ್ಲ! ಮೂರು! ಮೂರು ಪಾಯಿಂಟ್ ಸೊನ್ನೆ ಏಳು! ನಾನು ಸುಳ್ಳು ಹೇಳಿದ್ದೆ!"

ಚೌಟ್ರಿಯ ತಲೆಗಳೆಲ್ಲ ಬೀಗರ ಕಡೆ ತಿರುಗಿದವು. ರವೀಂದ್ರ ನಿಧಾನವಾಗಿ ಕಂಬ ಬಿಟ್ಟು ನೆಟ್ಟಗೆ ನಿಂತರು.

"ಮೂರಾ? ಚನ್ರಾಯಪಟ್ನದಲ್ಲೆಲ್ಲ ನಾಲ್ಕೂವರೆ ಅಂತ ಸಾರ್ಕೊಂಡ್ ಬಂದಿವ್ನಿ ನಾನು. ಈಗ ಮೂರುದ್ರಲ್ಲಿ ವಾಪಸ್ ವೋದ್ರೆ ನಗಾಡಕಿಲ್ವಾ ಜನ?" ಎಂದು ಕೈ ಮುಗಿದರು. "ಬೀಗ್ರೇ, ಹೆಣ್ಣು ಕೊಡ್ತಾ ಇದ್ದೀರ, ಅದೇ ದೊಡ್ದು. ಈ ಮೂರುದ್ ಗಾಡಿ ಮಾತ್ರ ನಮ್ಗೆ ಬ್ಯಾಡ."

ಕೊಟ್ಟ ಉಡುಗೊರೆ ಊರ ಮುಂದೆ ವಾಪಸು ಬಂತು. ಎತ್ತಿದ ಕೈಯಲ್ಲಿ ಆರ್‌ಸಿ ಹಾಗೇ ಇತ್ತು. ಇಳಿಸುವುದಕ್ಕೆ ಮರ್ಯಾದೆ ಬಿಡುತ್ತಿಲ್ಲ, ಹಿಡಿದಿರುವುದಕ್ಕೆ ತೋಳು ಬಿಡುತ್ತಿಲ್ಲ. ಗಂಗಾಧರಯ್ಯನವರು ಸುತ್ತ ಕಣ್ಣಾಡಿಸಿದರು. ಮಗಳು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದಳು. ವಿಧಿಯಿಲ್ಲದೆ, ಮಗಳ ಸಹಾಯವಿಲ್ಲದೆ, ಜೀವನದಲ್ಲಿ ಮೊದಲ ಸಲ ಹಿರಿಯ ಅಳಿಯನ ಮುಖ ನೋಡಿ ಬಾಯಿ ಬಿಟ್ಟರು.

"ಅಳಿಯಂದ್ರೇ... ಮೂರಾ ಇದು?"

"ಹೂಂ, ಮಾವ."

"ನಿಂತ್ಲಿಲ್ಲ, ಅಲ್ವಾ?"

"ಇಲ್ಲ, ಮಾವ."

"ಮತ್ತೆ ತಕ್ಕಳಿ. ಮಾತು ಅಂದ್ರೆ ಮಾತು" ಎಂದು ಆರ್‌ಸಿಯನ್ನು ಅವನ ಕೈಗೆ ತುರುಕಿ, ಮಂಡಿ ಹಿಡಿದುಕೊಂಡು ಹತ್ತಿರದ ಕುರ್ಚಿಯ ಮೇಲೆ ಕುಸಿದರು. ಸುದರ್ಶನ ಅಲ್ಲೇ, ಎಲ್ಲರ ಎದುರಿಗೇ, ಗಳಗಳನೆ ಅತ್ತುಬಿಟ್ಟ.

ಮದುವೆಯಾದ ಮೇಲೆ ಹೆದ್ದಾರಿಗೆ ಹೋಗಿ ನೂರಾ ಎಂಬತ್ತು ನೋಡಿಯೇ ಬಿಡಬೇಕೆಂದು ಸುದರ್ಶನ ಒಂದು ಭಾನುವಾರ ಗೊತ್ತು ಮಾಡಿದ. ಆ ಭಾನುವಾರ ಅರಕಲಗೂಡಿನಿಂದ ಜನ ಬಂದು ಅವನ ಬಾಗಿಲಲ್ಲಿ ನಿಂತಿದ್ದರು. ಹನ್ನೊಂದು ನಿಮಿಷದಲ್ಲಿ ಮೆರವಣಿಗೆ ಮುಗಿಸುವ ಗಾಡಿ ಇದೇ ತಾನೆ, ನಮ್ಮ ಮನೆಯಲ್ಲಿ ಮುದುಕರು ಜಾಸ್ತಿ, ದೊಡ್ಡ ಮನಸ್ಸು ಮಾಡಿ ಎಂದರು. ಮುಂದಿನ ವಾರ ಚನ್ನರಾಯಪಟ್ಟಣದವರು, ಅದರ ಮುಂದಿನ ವಾರ ಹಳ್ಳಿಮೈಸೂರಿನವರು ಬಂದರು. ಲಗ್ನವಿರುವ ದಿನವೆಲ್ಲ ಕಾಂಟೆಸಾ ಹೂವು ಮುಡಿದುಕೊಂಡು ಮೊದಲನೇ ಗೇರಿನಲ್ಲಿ ಓಡಿತು, ಅದರ ಮುಂದೆ ಗುಂಡಯ್ಯನವರ ತಂಡ ಓಡಿತು. ಗುಂಡಯ್ಯನವರು ಈಗ ಕ್ಯಾನ್ವಾಸ್ ಶೂ ಹಾಕಿಕೊಂಡೇ ಬರುತ್ತಾರೆ.

ಮೊನ್ನೆ ಸರ್ವೀಸಿಗೆ ಬಿಟ್ಟಾಗ ಸಂಜಯನಿಗೆ ಮರುಕವಾಯಿತು.

"ಅಣ್ಣ, ಹೆಂಗೂ ಬರೀ ಮೆರವಣಿಗೆಗೇ ಹೋಗ್ತಾ ಇದೆ. ಇದುನ್ನ ಬಿಚ್ಚಿ ನಾಲ್ಕೂವರೆ ಹಾಕ್ಬುಡ್ಲಾ? ನಿಧಾನಕ್ಕೆ, ಆರಾಮಾಗಿ ನಡ್ಕೊಂಡ್ ಹೋಗುತ್ತೆ."

ಸುದರ್ಶನ ಕಾರಿಗೂ ಸಂಜಯನಿಗೂ ನಡುವೆ ಬಂದು ಕೈ ಅಡ್ಡ ಹಿಡಿದ.

"ಮುಟ್ಟೀಯ ಮತ್ತೆ! ನಿಧಾನಕ್ಕೆ ಹೋದ್ರೆ ನಮ್ಮುನ್ನ ಯಾರ್ಲಾ ಕರೀತಾರೆ?"